ಎಂಟು ಚೆಕ್ಕು, ಒಂದು ಹೆಸರು

ನನ್ನ ನೆನಪು ಕೆಟ್ಟಿದೆ ಎನ್ನುವವರು ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ. ಏಪ್ರಿಲ್‌ನಲ್ಲಿ ಎಲ್ಲಿಯ ಹಿಮ ಎಂದು ನಗುವವರು ಆ ವರ್ಷ ಎಲ್ಲಿದ್ದರೋ ದೇವರಿಗೇ ಗೊತ್ತು. ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ, ಇದೇ ರಸ್ತೆಯಲ್ಲಿ, ಮೂವತ್ತೊಂದು ವರ್ಷ ಟಪಾಲು ಹಂಚಿದವನು ನಾನು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಡಬ್ಬಿಯ ಬಾಗಿಲು ಗಾಳಿಗೆ ಬಿಚ್ಚಿಕೊಳ್ಳುತ್ತದೆ ಎಂದು ಈಗಲೂ ನಿದ್ದೆಗಣ್ಣಲ್ಲಿ ಹೇಳಬಲ್ಲೆ. ಅದು ಏಪ್ರಿಲ್ ತಿಂಗಳ ಎರಡನೆಯ ಸೋಮವಾರ. ಟಪಾಲು ಡಬ್ಬಿಗಳ ಬುಡದಲ್ಲಿ ಮೊಣಕಾಲುದ್ದ ಹಿಮ. ಅದರಲ್ಲಿ ಆರ್ವೋ ಕಂಗಾಸ್ ಪೊರೆ ತೆಗೆಸಿದ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಕೈಯಲ್ಲಿ ಗುಲಾಬಿ ಬಣ್ಣದ ಕಾಗದ.

"ವರ್ನ್, ಇದನ್ನ ಓದೋ," ಎಂದ. "ನನ್ನ ಒಂಟಿ ಕಣ್ಣು ಏನೋ ಓದ್ತಿದೆ, ಆದ್ರೆ ನಂಬೋಕಾಗ್ತಿಲ್ಲ."

ಓದಿದೆ. ಎಂಟು ತಿಂಗಳ ಬಾಕಿ, ಸಾವಿರದ ಇನ್ನೂರ ಹನ್ನೆರಡು ಡಾಲರ್. ಶುಕ್ರವಾರದೊಳಗೆ ಕಟ್ಟದಿದ್ದರೆ ಕರೆಂಟ್ ಕಟ್.

"ಕಟ್ಟಿಲ್ವೇನೋ ಮಾರಾಯ?"

"ಕಟ್ಟಿಲ್ವಾ? ಪ್ರತಿ ತಿಂಗಳು ಮೂರನೇ ತಾರೀಕು ಚೆಕ್ ಬರ್ದು ನಿನ್ನ ಕೈಗೇ ಕೊಟ್ಟಿದೀನಲ್ಲೋ! ಬ್ಯಾಂಕಲ್ಲಿ ಒಂದೊಂದೂ ಪಾಸಾಗಿದೆ. ಇವ್ರೇನು ಅದನ್ನ ಒಲೆಗೆ ಹಾಕಿ ಕೈ ಕಾಯಿಸ್ಕೊಂಡ್ರಾ?"

ಕೊಟ್ಟಿದ್ದು ನಿಜ. ಅವನ ಚೆಕ್ಕಿನ ಲಕೋಟೆ ಯಾವಾಗಲೂ ತೆಳ್ಳಗಿರುತ್ತಿತ್ತು, ಯಾಕೆಂದರೆ ಒಳಗೆ ಚೆಕ್ಕು ಬಿಟ್ಟು ಬೇರೇನೂ ಇಲ್ಲ. ಬಿಲ್ಲಿನ ಬುಡದಲ್ಲಿ ಖಾತೆ ಸಂಖ್ಯೆ ಇರುವ ಒಂದು ತುಂಡು ಇರುತ್ತದಲ್ಲ, ಹರಿದು ಚೆಕ್ಕಿನ ಜೊತೆ ಕಳಿಸಿ ಎಂದು ಬರೆದಿರುತ್ತಾರಲ್ಲ, ಅದನ್ನು ಅವನು ಜನ್ಮದಲ್ಲಿ ಕಳಿಸಿದವನಲ್ಲ. "ಈ ವಿದ್ಯುತ್ ಸಹಕಾರ ಸಂಘದ ಮೊದಲನೇ ಕಂಬ ನೆಟ್ಟೋನು ನಮ್ಮಜ್ಜ. ಆ ಹೆಸರು ನೋಡಿದ್ರೆ ಸಾಕು, ಅವ್ರಿಗೆ ಗೊತ್ತಾಗತ್ತೆ," ಎನ್ನುತ್ತಿದ್ದ. ತುಂಡನ್ನು ಲೆಕ್ಕಕ್ಕೆ ಇರಲಿ ಎಂದು ಬೂಟಿನ ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದ. ಸೆಪ್ಟೆಂಬರಿನಿಂದ ಬಿಲ್ಲಿನಲ್ಲಿ 'ಹಿಂದಿನ ಬಾಕಿ' ಎಂಬ ಸಾಲು ಬೆಳೆಯುತ್ತಲೇ ಹೋಗಿತ್ತು. ಇವನು ಅದನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕಿ, ಆ ತಿಂಗಳದ್ದಷ್ಟನ್ನೇ ಕಟ್ಟುತ್ತ ಬಂದಿದ್ದ. ಕಂಪ್ಯೂಟರಿನ ಸುಳ್ಳಿಗೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು.

ಅಲ್ಲೇ ನಿಂತು ಫೋನ್ ಮಾಡಿದ. ಒಂದು ಒತ್ತಿ, ಎರಡು ಒತ್ತಿ, ನಿಮ್ಮ ಸಮಸ್ಯೆಯನ್ನು ಚುಟುಕಾಗಿ ಹೇಳಿ ಎಂದಿತು ಯಂತ್ರ. "ನನ್ನ ಸಮಸ್ಯೆ ನೀನೇ ಕಣೆ!" ಎಂದು ಇವನು ಕಿರುಚಿದ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಿತು. ಇನ್ನೊಮ್ಮೆ ಹೇಳಿದ. ಆಮೇಲೆ ಇಪ್ಪತ್ತು ನಿಮಿಷ ಪಿಯಾನೊ ವಾದನ. ನನಗೆ ಇನ್ನೂ ಅರವತ್ತು ಮನೆಯ ಟಪಾಲು ಬಾಕಿಯಿತ್ತು. "ಮೂರು ಗಂಟೆಗೆ ಕೆಲಸ ಮುಗಿಯುತ್ತೆ, ಆಫೀಸಿಗೇ ಕರ್ಕೊಂಡು ಹೋಗ್ತೀನಿ, ಈಗ ಬಿಡಪ್ಪ," ಎಂದು ತಪ್ಪಿಸಿಕೊಂಡೆ.

ಆಫೀಸು ಇಪ್ಪತ್ತಾರು ಮೈಲಿ. ದಾರಿಯುದ್ದಕ್ಕೂ ಬೈದ. ಗಾಜಿನ ಹಿಂದೆ ಲೊರೇನ್ ಇದ್ದಳು, ಐವತ್ತು ದಾಟಿದ ಒಳ್ಳೆಯ ಹೆಂಗಸು, ಬಾಯಿ ಮಾತ್ರ ನಿಲ್ಲುವುದಿಲ್ಲ. ಕಂಪ್ಯೂಟರ್ ಪರದೆ ನೋಡಿದಳು, ಕನ್ನಡಕ ಏರಿಸಿದಳು, ಮತ್ತೆ ನೋಡಿದಳು.

"ಆರ್ವೋ ಅವ್ರೇ, ನಿಮ್ಮ ಚೆಕ್ಕೆಲ್ಲಾ ಬಂದಿದೆ. ಒಂದೂ ಬಿಟ್ಟುಹೋಗಿಲ್ಲ."

"ನೋಡ್ದೇನೋ!" ಎಂದು ನನ್ನ ಪಕ್ಕೆಗೆ ತಿವಿದ.

"ಆದ್ರೆ ನಿಮ್ಮ ಖಾತೆಗೆ ಬಂದಿಲ್ಲ. ಆಗಸ್ಟಲ್ಲಿ ಹೊಸ ಕಂಪ್ಯೂಟರ್ ಬಂತಲ್ಲ? ಚೆಕ್ ಜೊತೆ ಬಿಲ್ಲಿನ ತುಂಡು ಇಲ್ದಿದ್ರೆ ಅದು ಹೆಸರು ಹುಡುಕತ್ತೆ. ಆರ್ವೋ ಕಂಗಾಸ್ ಅಂದ್ರೆ ಮೊದ್ಲು ಸಿಗೋದು ಜೂನಿಯರ್."

ಜೂನಿಯರ್ ಎಂದರೆ ಆರ್ವೋನ ಮಗ. ಅಪ್ಪನ ಹೆಸರೇ ಮಗನಿಗೂ. ಎದುರು ಮನೆ. ಇಬ್ಬರ ಟಪಾಲು ಡಬ್ಬಿಗಳೂ ಒಂದೇ ಹಲಗೆಯ ಮೇಲೆ, ನಡುವೆ ಗೇಣು ಜಾಗ. ಆದರೆ ಆರು ವರ್ಷದಿಂದ ಮಾತಿಲ್ಲ. ಕಾಡಿನೊಳಗೆ ಬೇಟೆಗೆ ಹೋದಾಗ ಉಳಿಯಲು ಅಜ್ಜ ಕಟ್ಟಿಸಿದ ಮರದ ಮನೆಯನ್ನು ಆರ್ವೋ ಮಗನನ್ನು ಕೇಳದೆ ಶಿಕಾಗೋದ ದಂತವೈದ್ಯನಿಗೆ ಮಾರಿಬಿಟ್ಟಿದ್ದ. ಮಗನಿಗೆ ಗೊತ್ತಾಗಿದ್ದು ನವೆಂಬರಿನಲ್ಲಿ, ಬಂದೂಕು ಹಿಡಿದು ಹೋಗಿ ಬಾಗಿಲಿಗೆ ಹೊಸ ಬೀಗ ನೋಡಿದಾಗ. ಅವತ್ತಿಗೆ ಮುಗಿಯಿತು.

"ನನ್ನ ದುಡ್ಡು ಅವನ ಮನೆ ದೀಪಕ್ಕೆ ಹೋಯ್ತಾ?" ಆರ್ವೋನ ಕಿವಿ ಕೆಂಪಾಯಿತು. "ತೆಗಿ ಅದನ್ನ. ಒಂದೊಂದು ಸೆಂಟೂ ಈಕಡೆ ಹಾಕು. ಈಗ್ಲೇ."

"ನೀವು ಹೇಳಿದ್ರೆ ಹಾಕ್ಬೇಕು. ಆದ್ರೆ ಒಂದ್ಸಲ ಯೋಚನೆ ಮಾಡಿ..."

"ನಾನು ಬಂದಿರೋದು ಯೋಚನೆ ಮಾಡೋಕಲ್ಲಮ್ಮ!"

ಲೊರೇನ್ ಗುಂಡಿ ಒತ್ತಿದಳು. ಯಂತ್ರ ಒಂದು ರಸೀತಿ ಉಗುಳಿತು. ಆರ್ವೋ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಯುದ್ಧ ಗೆದ್ದವನಂತೆ ಟೋಪಿ ಹಾಕಿಕೊಂಡ. ಆಗ ಅವಳು ಮೆಲ್ಲಗೆ ಹೇಳಿದಳು.

"ಡಿಸೆಂಬರಲ್ಲಿ ಜೂನಿಯರ್ ಫೋನ್ ಮಾಡಿದ್ದ. ನಾನಿದನ್ನ ಹೇಳ್ಬಾರ್ದು."

"ಹಾಗಾದ್ರೆ ಹೇಳ್ಬೇಡ."

"ಬಿಲ್ಲು ಸೊನ್ನೆ ಬಂದಿದೆ, ಏನೋ ತಪ್ಪಾಗಿದೆ ನೋಡಿ ಅಂದ. ನೋಡ್ದೆ. ನಿಮ್ಮಪ್ಪನ ಚೆಕ್ ಬರ್ತಿದೆಯಪ್ಪ ಅಂದೆ. ಮರದ ಮಿಲ್ಲು ಮುಚ್ಚಿದ್ಮೇಲೆ ಅವನಿಗೂ ಕೆಲಸ ಇರ್ಲಿಲ್ವಲ್ಲ, ನೀವೇ ಕಟ್ತಿದೀರ ಅಂತ ನಾನೂ ಅಂದ್ಕೊಂಡೆ. ಆಮೇಲೆ, ನಾನು ಕೇಳಿದೆ ಅಂತ ಅಪ್ಪನಿಗೆ ಹೇಳ್ಬೇಡಿ ಅಂದ."

ಆರ್ವೋ ಟೋಪಿ ತೆಗೆದ. ನನ್ನ ಕಡೆ ತಿರುಗಿದ.

"ವರ್ನ್, ನಮ್ಮನೆ ದಾರಿಯ ಹಿಮ ತಳ್ತಿರೋದು ಕ್ಲೈಡ್ ಅಲ್ವಾ?"

ಕ್ಲೈಡ್ ಊರಿನ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವವನು. ಜನವರಿಯಿಂದ ಆರ್ವೋ ಏಳುವಷ್ಟರಲ್ಲಿ ಅವನ ಮನೆಯ ದಾರಿ ಚೊಕ್ಕವಾಗಿರುತ್ತಿತ್ತು. ಕ್ಲೈಡನದೇ ಕೆಲಸ ಎಂದು ನಂಬಿ ಇವನು ಅವನಿಗೆ ಎರಡು ಸಲ ಹೊಗೆಯಲ್ಲಿ ಒಣಗಿಸಿದ ಮೀನು ಕೊಟ್ಟಿದ್ದ, ಫೆಬ್ರವರಿಯಲ್ಲಿ ಒಂದು ಬಾಟಲಿ ಬ್ರಾಂದಿಯನ್ನೂ. ಕ್ಲೈಡ್ ಯಾತಕ್ಕೆ ಎಂದು ಕೇಳದೆ ತೆಗೆದುಕೊಂಡಿದ್ದ.

"ಕ್ಲೈಡ್ ಎಲ್ಲಿ ಖಾಸಗಿ ದಾರಿಗೆ ಇಳೀತಾನೋ? ಕೆಲಸ ಹೋಗತ್ತೆ ಅವನ್ದು," ಎಂದೆ. ಬೆಳಗಿನ ಐದಕ್ಕೆ ಜೂನಿಯರನ ಗಾಡಿ ಆ ದಾರಿಯಲ್ಲಿ ಹಿಮ ತಳ್ಳುತ್ತಿರುವುದನ್ನು ಟಪಾಲು ಕಚೇರಿಗೆ ಹೋಗುವಾಗ ನಾನು ನೋಡಿದ್ದೆ. ಕೇಳಲಿಲ್ಲ, ಹೇಳಲಿಲ್ಲ. ಅಪ್ಪ ಮಕ್ಕಳ ನಡುವೆ ತಲೆ ಹಾಕಿದವನ ತಲೆ ಉಳಿಯುವುದಿಲ್ಲ.

"ಲೊರೇನ್," ಆರ್ವೋನ ದನಿ ಇಳಿಯಿತು. "ಈಗ ಒತ್ತಿದ್ಯಲ್ಲ, ಅದನ್ನ ವಾಪಸ್ ಒತ್ತು."

"ಒತ್ತಿದ್ದು ಒತ್ತಿದ್ದೇ ಯಜಮಾನ್ರೇ. ಜೂನಿಯರಿಗೆ ಕಾಗದ ಹೋಗತ್ತೆ. 'ಪಾವತಿಸಿದವರ ಕೋರಿಕೆಯಂತೆ ಹಣ ಹಿಂಪಡೆಯಲಾಗಿದೆ' ಅಂತ. ಅದನ್ನ ಅಚ್ಚು ಹಾಕೋ ಯಂತ್ರ ಬೇರೆ ರಾಜ್ಯದಲ್ಲಿದೆ, ನಾನು ತಡೆಯೋ ಹಾಗಿಲ್ಲ."

"ಎಂಟು ತಿಂಗಳು ತಪ್ಪು ಖಾತೆಗೆ ಹಾಕೋವಾಗ ಯಾರನ್ನೂ ಕೇಳ್ಲಿಲ್ಲ, ಈಗ ನಿಲ್ಲಿಸೋಕೆ ಆಗಲ್ವಾ? ಇದೆಂಥಾ ಯಂತ್ರನಮ್ಮಾ! ಅವನ ಬಾಕಿ ಈಗ ಎಷ್ಟು?"

"ಸೊನ್ನೆ ಇತ್ತಲ್ಲ, ಈಗ ನೀವು ತೆಗೆದಷ್ಟೇ. ಸಾವಿರದ ಇನ್ನೂರ ಹನ್ನೆರಡು."

ಆರ್ವೋ ಜೇಬಿನಿಂದ ಚೆಕ್ ಪುಸ್ತಕ ತೆಗೆದ. ದೋಣಿಯ ಮೋಟಾರಿಗೆಂದು ಕೂಡಿಟ್ಟ ದುಡ್ಡು ಅದು, ನನಗೆ ಗೊತ್ತು, ಎರಡು ಬೇಸಿಗೆ ಅದರ ಮಾತೇ ಆಡಿದ್ದ. ಒಂಟಿ ಕಣ್ಣನ್ನು ಕಾಗದಕ್ಕೆ ತಾಗಿಸುವಷ್ಟು ಬಗ್ಗಿ ಬರೆದ. ಲೊರೇನ್ ಹೇಳಿದ ಮಗನ ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕೆಯಾಗಿ ಬರೆದು, ಅವಳಿಂದ ಎರಡು ಸಲ ಓದಿಸಿದ.

ವಾಪಸ್ ಬರುವಾಗ ನಾನು ಹೇಳಿದೆ, "ಫೋನ್ ಮಾಡಿ ಹೇಳ್ಬಿಡೋ."

"ಏನಂತ? ಆರು ವರ್ಷ ಆದ್ಮೇಲೆ ಫೋನ್ ಮಾಡಿ ಕರೆಂಟ್ ಬಿಲ್ಲಿನ ಮಾತಾಡ್ಲಾ? ಗಾಡಿ ಓಡ್ಸು ನೀನು."

ಶುಕ್ರವಾರ ಆ ಕಾಗದ ನನ್ನ ಪೆಟ್ಟಿಗೆಗೆ ಬಂತು. ನಾನು ರಸ್ತೆ ತಿರುಗುವಷ್ಟರಲ್ಲೇ ಡಬ್ಬಿಗಳ ಹತ್ತಿರ ಆರ್ವೋ ನಿಂತಿದ್ದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಮೂಗು ಬೀಟ್‌ರೂಟಾಗಿತ್ತು.

"ಅವನ ಕಾಗದ ಕೊಡು."

"ಕೊಡಲ್ಲ. ಬೇರೆಯವ್ರ ಟಪಾಲು ಕೊಟ್ರೆ ಜೈಲು. ನಂಗೆ ಪಿಂಚಣಿಗೆ ಹದಿನಾಲ್ಕು ತಿಂಗಳಿದೆ."

"ಅದ್ರ ಮೇಲಿರೋದು ನನ್ನ ಹೆಸರು ಕಣೋ! ಹುಟ್ಟಿದಾಗ ಅವನಿಗೆ ಕೊಟ್ಟಿದ್ದು ನಾನು!"

"ಕೊಟ್ಮೇಲೆ ಅವನ್ದು."

ಅವನು ನನ್ನ ಗಾಡಿಯ ಕಿಟಕಿಯೊಳಗೆ ಕೈ ಹಾಕಿದ. ನಾನು ಕಾಗದವನ್ನು ತೊಡೆಯ ಕೆಳಗಿಟ್ಟುಕೊಂಡೆ. ಅರವತ್ತು ದಾಟಿದ ಇಬ್ಬರು ಒಂದು ಲಕೋಟೆಗೆ ಹೀಗೆ ಎಳೆದಾಡುತ್ತಿರುವಾಗ ಎದುರು ಮನೆಯ ಬಾಗಿಲು ತೆರೆಯಿತು. ಜೂನಿಯರ್ ಬಂದ, ಕೋಟಿಲ್ಲ, ಬರೀ ಅಂಗಿ. ಅಪ್ಪನನ್ನು ನೋಡಲಿಲ್ಲ. ನನ್ನ ಮುಂದೆ ಕೈ ಚಾಚಿದ. ಕೊಟ್ಟೆ. ಕೊಡದೆ ಏನು ಮಾಡಲಿ?

ಅಲ್ಲೇ ಲಕೋಟೆ ಒಡೆದು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಆರು ವರ್ಷದಲ್ಲಿ ಮೊದಲ ಸಲ ಅಪ್ಪನ ಮುಖ ನೋಡಿದ.

"ವಾಪಸ್ ತಗೊಂಡ್ಯಾ?"

"ತಗೊಂಡೆ."

"ಅಂದ್ರೆ ಕೊಟ್ಟಿದ್ದು?"

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು ಸುಳ್ಳು ಹೇಳುತ್ತಿದ್ದರು. ನಾನೇ ಆಗಿದ್ದರೂ ಹೇಳುತ್ತಿದ್ದೆ. ಆರ್ವೋ ಬೂಟಿನಿಂದ ಹಿಮ ಒದ್ದ.

"ತಪ್ಪಾಗಿ ಹೋಗಿತ್ತು. ಎಂಟೂ ತಪ್ಪು. ನಂಗೆ ಗೊತ್ತೇ ಇರ್ಲಿಲ್ಲ." ಟೋಪಿಯನ್ನು ಕಿವಿಯ ಮೇಲೆಳೆದುಕೊಂಡ. "ಸೋಮವಾರದ್ದು ತಪ್ಪಲ್ಲ. ಅದು ನಾನೇ ಬರ್ದಿದ್ದು. ಮುಂದಿನ ಬಿಲ್ಲಲ್ಲಿ ನೋಡು, ಬಾಕಿ ಇರಲ್ಲ."

ಜೂನಿಯರ್ ಕಾಗದವನ್ನು ಮುದುರಿದ. "ನಿನ್ನ ದುಡ್ಡು ಯಾರಿಗೆ ಬೇಕಾಗಿತ್ತು?"

"ನೀನು ಹಿಮ ತಳ್ಳೋದು ಯಾರಿಗೆ ಬೇಕಾಗಿತ್ತು? ಆ ಕ್ಲೈಡಿಗೆ ನನ್ನ ಬ್ರಾಂದಿ ಕುಡಿಸ್ದೆ!"

"ಕ್ಲೈಡಿಗಾ?"

ನನಗೆ ಇನ್ನೂ ಅರವತ್ತು ಮನೆಯಿತ್ತು. ಗಾಡಿ ಬಿಟ್ಟೆ. ಕನ್ನಡಿಯಲ್ಲಿ ನೋಡಿದೆ. ಇಬ್ಬರೂ ಕೈ ಬೀಸಿ ಬೀಸಿ ಕೂಗಾಡುತ್ತಿದ್ದರು. ಮಾತು ಕೇಳಿಸಲಿಲ್ಲ. ಚಳಿಗೆ ಇಬ್ಬರ ಬಾಯಿಂದಲೂ ಬಿಳಿ ಹಬೆ ಏಳುತ್ತಿತ್ತು, ಯಾರದು ಯಾವುದು ಎಂದು ತಿಳಿಯದ ಹಾಗೆ. ತಿರುವಿನಲ್ಲಿ ಮತ್ತೊಮ್ಮೆ ನೋಡಿದಾಗ ಆರ್ವೋ ತನ್ನ ಕೋಟು ಬಿಚ್ಚಿ ಮಗನ ಹೆಗಲಿಗೆ ಹಾಕುತ್ತಿದ್ದ, ಬೈಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಲೊರೇನ್ ಈಗ ಡುಲುತ್‌ನಲ್ಲಿ ಮಗಳ ಮನೆಯಲ್ಲಿದ್ದಾಳಂತೆ. ಅವತ್ತು ಆ ಗುಂಡಿ ಒತ್ತಬಾರದಿತ್ತು ಎಂದು ಇನ್ನೂ ಪೇಚಾಡುತ್ತಾಳಂತೆ. ನಿಮ್ಮಲ್ಲಿ ಯಾರ ಹತ್ತಿರ ಅವಳ ನಂಬರ್ ಇದೆಯೋ, ಇದನ್ನು ಅವಳಿಗೆ ಕಳಿಸಿ. ಪೂರ್ತಿ ಕಳಿಸಿ, ನಡುವೆ ಕತ್ತರಿಸಬೇಡಿ.