ಅಂಜಿನಪ್ಪನ ಸರದಿ

ತಮ್ಮ ಅಂಜಿನಪ್ಪ ತೀರಿಕೊಂಡ ಮೂರನೆಯ ತಿಂಗಳು ಅವನ ಹೆಸರಿಗೆ ದಾವಣಗೆರೆಯಿಂದ ಒಂದು ಕಾರ್ಡು ಬಂತು. ‘ವಿಜ್ಞಾನ ಕತೆಗಳ ಓದುಗರ ವಾರ್ಷಿಕ ಕೂಟ ಭಾನುವಾರ, ರಜಾಕ್ ಅವರ ಅಂಗಡಿ ಮಹಡಿ. ಈ ಸಲ ನಿಮ್ಮ ಸರದಿ. ತಪ್ಪಿಸಬೇಡಿ.’ ಅಣ್ಣ ಏಕಾಂತಪ್ಪ ನಾಲ್ಕು ಸಲ ಓದಿದರು. ಎಂಥ ಕೂಟ, ಎಂಥ ಸರದಿ, ಒಂದೂ ತಿಳಿಯಲಿಲ್ಲ. ಆದರೆ ಸತ್ತವನು ಒಪ್ಪಿಕೊಂಡ ಕೆಲಸ ಉಳಿದರೆ ಆ ಜೀವಕ್ಕೆ ನೆಮ್ಮದಿಯಿಲ್ಲ ಎಂದು ನಂಬಿದವರು ಅವರು. ಭಾನುವಾರ ಹರಿಹರೇಶ್ವರನಿಗೆ ಕೈಮುಗಿದು, ಚೀಲದಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ರೈಲು ಹತ್ತಿದರು.

ರಜಾಕ್ ಪುಸ್ತಕ ಬೈಂಡು ಮಾಡುವವರು. ಮಹಡಿಯಲ್ಲಿ ಇಪ್ಪತ್ತು ಜನ ಕೂತಿದ್ದರು. ಗೋಡೆಯ ಮೇಲೆ ಬಳೆ ತೊಟ್ಟ ಚೆಂಡಿನಂಥ ಚಿತ್ರ. ಅದು ಶನಿ ಎಂದು ಯಾರೋ ಹೇಳಿದರು. ಏಕಾಂತಪ್ಪ ಗಾಬರಿಯಿಂದ ಕೈಮುಗಿದು, ಕಾಯಿ ಎಲ್ಲಿ ಒಡೆಯಬೇಕೆಂದು ಸುತ್ತ ನೋಡಿದರು. ಯಾರೂ ನಗಲಿಲ್ಲ.

“ಯಜಮಾನ್ರೆ, ಯಾವ ಲೋಕದಿಂದ ಬಂದ್ರಿ?” ಎಂದರು ಬಾಗಿಲ ಬಳಿಯಿದ್ದ ಗುತ್ತೆಪ್ಪ.

“ಹರಿಹರದಿಂದ.”

“ಅದೂ ಒಂದು ಲೋಕಾನೇ ಬಿಡ್ರಿ. ರೈಲು ಹೋಗ್ತೈತೆ, ಅಷ್ಟೇ.”

ಏಕಾಂತಪ್ಪ ಕಾರ್ಡು ತೋರಿಸಿ, ತಮ್ಮ ಹೋದ ಸಂಗತಿ ತಿಳಿಸಿದರು. ಆಮೇಲೆ ಕೇಳಿದರು: “ಸರದಿ ಅಂದ್ರೆ ಏನ್ರಿ? ನಾನು ತೀರಿಸಿ ಹೋಗ್ತೀನಿ.”

“ಹೋದ ವರ್ಷ ಹೊಸಬರಾಗಿ ಬಂದೋರು ಈ ವರ್ಷದ ಹೊಸಬರನ್ನ ಬರಮಾಡ್ಕೋಬೇಕ್ರಿ,” ಎಂದರು ರಜಾಕ್. “ಮಂಡಕ್ಕಿ ಕೊಟ್ಟು ಪಕ್ಕದಾಗೆ ಕೂಡಬೇಕು. ಅವರು ಏನು ಕೇಳಿದ್ರೂ ನಗಬಾರ್ದು, ನಡುವೆ ಬಾಯಿ ಹಾಕಬಾರ್ದು.”

“ಅವನಿಗೆ ಮಾತೇ ಬರ್ತಿರಲಿಲ್ಲವಲ್ರಿ. ಉಗ್ಗು.”

“ಹೋದ ವರ್ಷ ಅವರೇ ಮಂಗಳಗ್ರಹದಾಗೆ ಕೆರೆ ಕಟ್ಟೋ ಕತೆ ಹೇಳಿದ್ರು. ಒಂದೂವರೆ ತಾಸು ಆತು. ಎಲ್ಲಾರೂ ಕೇಳಿದ್ವಿ.”

ಏಕಾಂತಪ್ಪನವರಿಗೆ ಕೆರೆಯೂ ಅರ್ಥವಾಗಲಿಲ್ಲ, ಮಂಗಳನೂ ಅರ್ಥವಾಗಲಿಲ್ಲ. ಮನೆಯಲ್ಲಿ ತಮ್ಮ ಎರಡಕ್ಷರ ತಡವರಿಸುವಷ್ಟರಲ್ಲಿ ಉಳಿದ ಮಾತನ್ನು ಇವರೇ ಮುಗಿಸುತ್ತಿದ್ದರು. ನಲವತ್ತು ವರ್ಷ ಹಾಗೇ ನಡೆದಿತ್ತು. ಅದನ್ನು ಅಕ್ಕರೆ ಎಂದೇ ತಿಳಿದಿದ್ದರು. ಅಂಜಿನಪ್ಪ ತಲೆಯಾಡಿಸುತ್ತಿದ್ದ. ಅವನು ಹೇಳಬೇಕೆಂದಿದ್ದ ಮಾತು ಅದೇ ಹೌದೋ ಅಲ್ಲವೋ, ಈಗ ಯಾರನ್ನು ಕೇಳುವುದು?

“ಹಂಗಾದ್ರೆ ಹೊಸಬ ನಾನು. ನನ್ನ ಬರಮಾಡ್ಕೋಬೇಕಾದೋನು ಅವನು,” ಎಂದರು.

“ಇದಕ್ಕೆ ನಮ್ಮಲ್ಲಿ ನೇಮ ಇಲ್ರಿ,” ಎಂದು ಗುತ್ತೆಪ್ಪ ತಲೆ ಕೆರೆದುಕೊಂಡರು. ಕೊನೆಗೆ ರಜಾಕ್ ಎರಡು ತಟ್ಟೆ ಮಂಡಕ್ಕಿ ತಂದು, ಒಂದನ್ನು ಏಕಾಂತಪ್ಪನವರ ಮುಂದೆ, ಇನ್ನೊಂದನ್ನು ಪಕ್ಕದ ಖಾಲಿ ಚಾಪೆಯ ಮುಂದೆ ಇಟ್ಟರು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಕರಿಯವ್ವ, ಕೂಟಕ್ಕೆ ಹೊಸಬರು. ಒಳಗೆ ಬರಲೋ ತಿರುಗಿ ಹೋಗಲೋ ಎಂದು ಸೆರಗು ಹಿಡಿದು ನಿಂತಿದ್ದರು. ಎಲ್ಲರೂ ಏಕಾಂತಪ್ಪನವರತ್ತ ನೋಡಿದರು. ಅವರು ಎದ್ದು ಬಾಗಿಲಿಗೆ ಹೋದರು.

“ಬರ್ರಿ ತಾಯಿ, ಕೂಡ್ರಿ.”

ಖಾಲಿ ಚಾಪೆಯ ಮೇಲೆ ಕೂರಿಸಿ, ಅಲ್ಲಿದ್ದ ತಟ್ಟೆಯನ್ನೇ ಎತ್ತಿ ಕೊಟ್ಟರು. ಆಕೆ ಬಾಯಿ ತೆರೆದರು. “ಅಲ್ಲಿ... ಆ ಚಂದ್ರನ...” ಮಾತು ನಿಂತಿತು.

ಏಕಾಂತಪ್ಪನವರ ನಾಲಗೆಯ ತುದಿಗೆ ಉಳಿದ ಮಾತು ಬಂದಿತ್ತು. ತುಟಿ ಬಿಗಿಹಿಡಿದು, ಚೀಲದಲ್ಲಿದ್ದ ಕಾಯಿಯ ಜುಟ್ಟು ಸವರುತ್ತ ಕಾದರು. ಬಹಳ ಹೊತ್ತು ಕಾಯಬೇಕಾಯಿತು.

“ಚಂದ್ರನ ಹತ್ರ ಹೋದೋರು... ತಿರುಗಿ ಬರ್ತಾರೇನ್ರಿ?”

ಏಕಾಂತಪ್ಪ ಅಂದುಕೊಂಡಿದ್ದ ಮಾತು ಇದಾಗಿರಲಿಲ್ಲ.

“ನನಗೂ ಗೊತ್ತಿಲ್ಲ ತಾಯಿ,” ಎಂದು ಅವರು ಪಕ್ಕದಲ್ಲೇ ಕೂತರು.