ಪಿತ್ತ ಕಕ್ಕುವ ಮನೆ

ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಗಂಟಲಿಗೆ ಎರಡು ಬೆರಳು ಹಾಕಿ ಪಿತ್ತ ಕಕ್ಕುವುದನ್ನು ರೇಣುಕವ್ವ ಮದುವೆಯ ಹೊಸದರಲ್ಲೇ ಅತ್ತೆ ಸಾವಕ್ಕನಿಂದ ಕಲಿತಿದ್ದಳು. ಹಲ್ಲುಜ್ಜಿದ ಮೇಲೆ ಹಳದಿ ನೀರು ಬಿದ್ದರೆ ಮೈ ಹಗುರ, ಇಲ್ಲದಿದ್ದರೆ ದಿನವೆಲ್ಲ ತಲೆಭಾರ. ಗಜೇಂದ್ರಗಡದ ಆ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿಗಿಂತ ಮೊದಲು ಏಳುತ್ತಿದ್ದುದು ಓಕರಿಕೆಯ ಸದ್ದು.

ಈಚೆಗೆ ರೊಟ್ಟಿ ಎದೆಯ ನಡುವೆ ಸಿಕ್ಕಿಕೊಳ್ಳತೊಡಗಿತ್ತು. ನೀರು ಕುಡಿದರೂ ಉರಿ. ಪಿತ್ತ ಹೆಚ್ಚಾಗಿದೆಯೆಂದು ಅವಳು ಬೆರಳನ್ನು ಇನ್ನೂ ಒಳಕ್ಕೆ ಹಾಕಿದಳು. ಒಂದು ಮುಂಜಾನೆ ಹಳದಿಯ ಜೊತೆ ರಕ್ತದ ಎಳೆಯೂ ಬಿತ್ತು. ಗಂಡ ಹನಮಂತಪ್ಪ ಗದಗಿಗೆ ಕರೆದೊಯ್ದ.

ಗಂಟಲೊಳಗೆ ನಳಿಗೆ ಇಳಿಸಿ ನೋಡಿದ ಡಾಕ್ಟರಬಾಯಿ ಪರದೆ ತಿರುಗಿಸಿ ತೋರಿಸಿದರು. ಅನ್ನನಾಳದ ಒಳಮೈ ಅಲ್ಲಲ್ಲಿ ಕೆಂಪಗೆ ಸುಲಿದಿತ್ತು.

"ಹುಳಿ ತಡಕೊಳ್ಳೋ ಶಕ್ತಿ ಹೊಟ್ಟಿಗೈತಿ, ಇದಕ್ಕಿಲ್ಲ. ಇದರ ಒಳಮೈ ಬಿಗಿಯಾಗಿ ಹೆಣಕೊಂಡು ಕಾವಲು ಕಾಯತೈತಿ. ಹೊಟ್ಟಿ ಹುಳಿ ಮ್ಯಾಲ ಬಂದ್ರನ ತ್ರಾಸು. ಪಿತ್ತನೂ ಕೂಡಿ ಬಂದ್ರ ಆ ಬಿಗಿ ಇನ್ನೂ ಸಡಲತೈತಿ. ಸಂದಿಯೊಳಗ ಹುಳಿ ಇಳದು ಉರೀತೈತಿ."

"ಅದಕ್ಕ ನಾ ದಿನಾ ಪಿತ್ತ ತಗದ ಬಿಡತೇನ್ರಿ," ಎಂದಳು ರೇಣುಕವ್ವ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ತಗಿಯಾಕತ್ತಿಲ್ಲ, ಯವ್ವಾ. ಕೆಳಗ ಸುಮ್ಮನಿದ್ದದ್ದನ್ನ ನೀನ ಕರಕೊಂಡು ಮ್ಯಾಲ ಬರಾಕತ್ತಿ."

ಬೆರಳು ಹಾಕಬಾರದು, ಗುಳಿಗೆ ತಪ್ಪಿಸಬಾರದು, ಉಂಡ ಕೂಡಲೇ ಬಗ್ಗಬಾರದು, ಹೊತ್ತು ಮುಳುಗುವಾಗಲೇ ಉಣ್ಣಬೇಕು. ಹಾಗಾದರೆ ಸಡಿಲಾದದ್ದು ಮತ್ತೆ ಕೂಡುತ್ತದೆ. ಇಲ್ಲದಿದ್ದರೆ ನಾಳ ಕಿರಿದಾಗುತ್ತ ಹೋಗಿ ನೀರಿಳಿಯುವುದೂ ಕಷ್ಟ.

ನರೇಗಲ್ ದಾಟುವಾಗ ಅವಳು ಬಸ್ಸಿನ ಕಿಟಕಿಗೆ ತಲೆಯಾನಿಸಿದ್ದಳು. ಹೊಕ್ಕಿನ ಎಳೆ ಬಿಗಿಯಾಗಿ ಕೂರದ ಸೀರೆಯನ್ನು ಬಿಸಿಲಿಗೆ ಹಿಡಿದರೆ ಸಂದಿ ಕಾಣುತ್ತದೆ. ಅಂಥದ್ದನ್ನು ಯಾರೂ ಕೊಳ್ಳುವುದಿಲ್ಲ. ಗುಳಿಗೆ ಸುಲಭ, ಬೆರಳು ಬಿಡುವುದೂ ಸುಲಭ. ಆದರೆ ಗಂಡ ರಾತ್ರಿ ಮಗ್ಗದಿಂದೆದ್ದು ಉಂಡ ಮೇಲೆ ಉಳಿದದ್ದು ಹೆಂಗಸರಿಗೆ. ಆಮೇಲೆ ಅರ್ಧವಾದ ಸೆರಗು ಮುಗಿಸಲು ಅವಳು ಮತ್ತೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮೇಲೆ ಬಗ್ಗಬೇಕು. ಇದನ್ನೆಲ್ಲ ಮನೆಯಲ್ಲಿ ಬಿಡಿಸಿ ಹೇಳುವ ಯೋಚನೆಗೇ ಅವಳಿಗೆ ದಣಿವಾಯಿತು.

ಹೇಳಲಿಲ್ಲ. ಮರುದಿನ ಸಂಜೆ ತಾಟಿಗೆ ರೊಟ್ಟಿ, ಹೆಸರುಕಾಳು ಹಾಕಿಕೊಂಡು ಕೂತಳು.

"ಯಾರಿಗದು?" ಸಾವಕ್ಕ ಹೊಸ್ತಿಲಿಂದ ಕೇಳಿದಳು.

"ನನಗರಿ, ಅತ್ತಿ."

"ಗಂಡ ಇನ್ನೂ ಮಗ್ಗದಾಗ ಅದಾನ. ದವಾಖಾನ್ಯಾಗ ಇದನ್ನೂ ಕಲಿಸಿದ್ರೇನು?"

"ಹೌದ್ರಿ. ನಳಿಗಿ ಇಳಿಸಿ ಕಲಿಸಿದ್ರು."

ಒಳಗೆ ಮಗ್ಗ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಮುಂಜಾನಿ ಬೆರಳೂ ಹಾಕಲಿಲ್ಲ ನೀ. ನಾ ಜನ್ಮಾನಗಟ್ಲೆ ಪಿತ್ತ ಕಕ್ಕೇನಿ, ನನಗೇನಾಗೇತಿ?"

ರೇಣುಕವ್ವ ಅಗಿಯುವುದನ್ನು ನಿಲ್ಲಿಸಿದಳು. ಸಾವಕ್ಕ ವರ್ಷಗಳಿಂದ ರೊಟ್ಟಿಯನ್ನು ಹಾಲಲ್ಲಿ ನೆನೆಸದೆ ತಿಂದದ್ದಿಲ್ಲ. ವಯಸ್ಸಾಯಿತು, ಹಲ್ಲು ಸೋತವು ಎಂದುಕೊಂಡಿದ್ದರು. ಅಡಿಕೆಯನ್ನು ಮಾತ್ರ ಈಗಲೂ ಕಟಕ್ಕನೆ ಕಡಿಯುತ್ತಾಳೆ.

ರೇಣುಕವ್ವ ಎದ್ದು ಇನ್ನೊಂದು ತಾಟಿನಲ್ಲಿ ರೊಟ್ಟಿ ಮುರಿದು, ಹಾಲು ಸುರಿದು ಇಟ್ಟಳು.

"ಬರ್ರಿ, ಹೊತ್ತಿದ್ದಾಗ ಉಣ್ರಿ."

"ಮೊದಲ ಅವನ್ನ ಕರಿ."

"ಅವರ ಅನ್ನದ ನಳಿಗಿ ಚಲೋ ಐತ್ರಿ."

ಸಾವಕ್ಕ ಮಗ್ಗದ ಕೋಣೆಯತ್ತ ನೋಡಿದಳು. ಗೋಡೆ ಹಿಡಿದು ನಿಧಾನ ಕೂತಳು. ಮೊದಲ ತುತ್ತು ನುಂಗಿ, ಅದು ಇಳಿಯುವವರೆಗೂ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ರೇಣುಕವ್ವ ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದಳು.