ಹೀರಾಳ ಎರಡು ಹೆಸರು

ಮಾಜಾಳಿಯಲ್ಲಿ ಮೀನು ಮಾರುವ ಹೀರಾಗೆ ಕಾಗದ ಹಿಡಿದು ಬರುವವರನ್ನು ಕಂಡರಾಗದು. ಅಂದು ಬಂಗಡೆ ಬುಟ್ಟಿ ಇಳಿಸಿ ಕೈ ತೊಳೆಯುವಷ್ಟರಲ್ಲಿ ಆಸ್ಪತ್ರೆಯ ಪ್ರೀತಿ ಜಗಲಿ ಹತ್ತಿದಳು. ಜಿಲ್ಲೆಯ ಚರ್ಮದ ಕ್ಯಾನ್ಸರ್ ಪಟ್ಟಿಯಲ್ಲಿ ಬರೆದದ್ದು ಸರಿಯೋ ತಪ್ಪೋ ಎಂದು ಮನೆ ಮನೆಗೆ ಹೋಗಿ ನೋಡುವುದು ಅವಳ ಕೆಲಸ.

"ಹೀರಾಕ್ಕ, ಆರು ತಿಂಗಳ ಹಿಂದೆ ಕಾರವಾರದಲ್ಲಿ ನಿಮ್ಮ ಹಿಮ್ಮಡಿಯ ಕಪ್ಪು ಮಚ್ಚೆ ತೆಗೆದಿದ್ದಾರೆ. ಪರೀಕ್ಷೆಯ ವರದಿ ಮಾತ್ರ ಇಲ್ಲ. ಆ ಜಾಗ ಖಾಲಿ."

"ಖಾಲಿಯಿದ್ರೆ ನೀನೇ ಏನಾದ್ರೂ ಗೀಚು ಮಾರಾಯ್ತಿ. ಮಚ್ಚೆ ಹೋಯ್ತು, ಕಥೆ ಮುಗೀತು."

"ಅಂದಾಜಿಗೆ ಬರೆದ್ರೆ ಡಾಕ್ಟರೂ ಅಂದಾಜಿಗೇ ಔಷಧ ಕೊಡ್ಬೇಕಾಗ್ತದೆ. ಮೊದಲು ಬೇರೆ ಎಲ್ಲಾದ್ರೂ ತೋರಿಸಿದ್ರಾ?"

"ಇಲ್ಲ, ಇಲ್ಲ."

ಬಾಗಿಲ ಹಿಂದೆ ನಿಂತಿದ್ದ ಸೊಸೆ ಮಾನಸಾ ಹೊಸ್ತಿಲಿಗೆ ಬಂದಳು. ಅತ್ತೆಯ ಮಾತಿಗೆ ಎಂದೂ ಅಡ್ಡ ಬಂದವಳಲ್ಲ. ಆದರೆ ಕಳೆದ ಚೌತಿಗೆ ಅತ್ತೆ ಅಂಕೋಲೆಯ ತವರಿಗೆ ಹೋಗಿದ್ದಾಗ, ಅಲ್ಲಿನ ಶಿಬಿರದಲ್ಲಿ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕರೆದುಕೊಂಡು ಹೋದದ್ದು ಅತ್ತೆಯ ಅಣ್ಣ. ಅವನು ತಂಗಿಯನ್ನು ಹೀರಾ ಎಂದು ಕರೆದದ್ದೇ ಇಲ್ಲ.

"ಅಕ್ಕಾ, ಅಂಕೋಲೆಯ ಶಿಬಿರದಲ್ಲಿ ಅತ್ತೆಯ ಅಣ್ಣ ತೋರಿಸಿದ್ರು, ಕಾಶಿ ಅಂತ ಹುಡುಕಿ ನೋಡಿ," ಎಂದಳು ಮೆಲ್ಲಗೆ. "ಅದು ಅತ್ತೆಯ ತವರಿನ ಹೆಸರು. ನಮ್ಮಲ್ಲಿ ಮದುವೆ ದಿನ ಹೆಸರು ಬದಲಿಸ್ತಾರೆ. ನನಗೂ ಬದಲಿಸಿದ್ರು."

"ಒಂದೇ ಮೀನಿಗೆ ಊರಿಗೊಂದು ಹೆಸರಿಲ್ವಾ?" ಹೀರಾ ಸಿಡುಕಿದಳು. "ನನಗೆ ಎರಡಿದ್ರೆ ಯಾರ ಗಂಟು ಹೋಯ್ತು?"

ಪ್ರೀತಿಗೆ ನಗು ತಡೆಯಲಾಗಲಿಲ್ಲ. "ಮೀನು ಯಾವ ಹೆಸರಲ್ಲೂ ಸಾರಾಗ್ತದೆ ಹೀರಾಕ್ಕ. ವರದಿಗೆ ಹೆಸರು ತಪ್ಪಿದ್ರೆ ಮನೆಯೇ ತಪ್ತದೆ."

ನಗುತ್ತಲೇ ಪಟ್ಟಿ ತಿರುವಿದವಳು ತಟ್ಟನೆ ಒಂದು ಸಾಲಿಗೆ ಬೆರಳಿಟ್ಟಳು. ಕಾಶಿ, ಅಂಕೋಲಾ, ಎಡ ಹಿಮ್ಮಡಿ. ವಯಸ್ಸು, ತಂದೆಯ ಹೆಸರು ಕೇಳಿ ತಾಳೆ ನೋಡಿದಳು. ಎಲ್ಲ ಹೊಂದಿತು.

"ಇದು ಕ್ಯಾನ್ಸರ್ ಅಂತ ವರದಿ ಬಂದು ಎಂಟು ತಿಂಗಳಾಯ್ತು. ಅಣ್ಣ ಬರೆಸಿದ ನಂಬರಿಗೆ ಫೋನ್ ಹೋಗ್ಲಿಲ್ಲ. ಕಾಶಿ ಚಿಕಿತ್ಸೆಗೆ ಬರಲಿಲ್ಲ ಅಂತ ಅಲ್ಲಿ ಬರೆದಿದೆ. ವರದಿ ಇಲ್ಲದ ಹೀರಾಳನ್ನ ಇಲ್ಲಿ ಯಾರೂ ಮತ್ತೆ ಕರೆದಿಲ್ಲ."

ಹೀರಾ ಎಡಗಾಲು ತಿರುಗಿಸಿ ಹಿಮ್ಮಡಿಯ ಗಾಯವನ್ನು ಮುಟ್ಟಿ ನೋಡಿಕೊಂಡಳು.

"ನಾಳೆಯೇ ಹೋಗುವ, ಅತ್ತೆ. ನಾನಿದ್ದೇನೆ," ಎಂದಳು ಮಾನಸಾ. ಈ ಸಲ ದನಿ ಮೆಲ್ಲಗಿರಲಿಲ್ಲ.

ಮರುದಿನ ಕಾರವಾರದಲ್ಲಿ ಡಾಕ್ಟರು ಕಾಶಿಯ ಹಾಳೆ, ಹೀರಾಳ ಹಾಳೆ ಎರಡನ್ನೂ ಜೋಡಿಸಿ ನೋಡಿದರು. ಹಳೆಯ ಗಾಯದ ಅಂಚಿನಲ್ಲಿ ಕ್ಯಾನ್ಸರಿನ ಚೂರು ಉಳಿದಿತ್ತು. ಪುಣ್ಯಕ್ಕೆ ಬೇರೆಡೆ ಹರಡಿರಲಿಲ್ಲ. ಅದನ್ನೂ ತೆಗೆದು, ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕೆಂದರು.

ಈಗ ಸದಾಶಿವಗಡದ ಪೇಟೆಯಲ್ಲಿ ಹೀರಾ ಮೀನು ತೂಗುತ್ತಲೇ ಕೇಳುತ್ತಾಳೆ, "ನಿನ್ನ ತವರಿನ ಹೆಸರೇನೇ? ಆಸ್ಪತ್ರೆಲಿ ಹೇಳಿದ್ದೀಯಾ?"

"ಮೊದ್ಲು ಮೀನು ಕೊಡೇ ಮಾರಾಯ್ತಿ!" ಎಂದು ಹೆಂಗಸರು ನಗುತ್ತಾರೆ. ಆದರೂ ಹೇಳುತ್ತಾರೆ.

ಅಕ್ಕ-ತಂಗಿಯರೇ, ಬೆಳೆಯುವ ಮಚ್ಚೆ, ಮಾಯದ ಗಾಯ ಕಂಡರೆ ಕೂಡಲೇ ತೋರಿಸಿ. ಆಸ್ಪತ್ರೆಯಲ್ಲಿ ತವರಿನ ಹೆಸರನ್ನೂ ಗಂಡನ ಮನೆಯ ಹೆಸರನ್ನೂ ಹೇಳಿ, ಮೊದಲು ಎಲ್ಲಿ ತೋರಿಸಿದ್ದಿರಿ ಎಂಬುದನ್ನು ಮುಚ್ಚಿಡಬೇಡಿ, ನಡೆಯುವ ಫೋನ್ ನಂಬರನ್ನೇ ಕೊಡಿ. ಪಟ್ಟಿ ಹಿಡಿದು ಬಂದವರನ್ನು ಬಾಗಿಲಿಂದಲೇ ಕಳಿಸದೆ ಜೊತೆಗೆ ಕುಳಿತು ಓದಿಸಿ ಕೇಳಿ. ನಿಮಗೆ ಹೆಸರು ಎಷ್ಟೇ ಇರಲಿ, ನಿಮ್ಮ ಹಾಳೆ ಒಂದೇ ಇರಲಿ.